ಬಾಯಿ ಮೆದು, ಬುಡ ಗಟ್ಟಿ: ತೋಟಾದ ಹಿತ್ತಾಳೆ ಕೇಸ್ ಹದ ಮಾಡುವ ಬಗೆ

ನನ್ನ ಗ್ಯಾರೇಜಿನ ಮೇಜಿನ ಮೇಲೆ ಒಂದು ಒಡೆದ ಕೇಸ್ ಇಟ್ಟುಕೊಂಡಿದ್ದೇನೆ. .308 ವಿಂಚೆಸ್ಟರ್ ತೋಟಾದ್ದು. ಕೇಸ್ ಅಂದರೆ ಮದ್ದು ತುಂಬುವ ಹಿತ್ತಾಳೆ ಕೊಳವೆ. ಬಾಯಿಗೆ ಗುಂಡು ಕೂರುತ್ತದೆ, ಬುಡಕ್ಕೆ ಮದ್ದಿಗೆ ಕಿಡಿ ಕೊಡುವ ಪ್ರೈಮರ್. ಗುಂಡು ಹಿಡಿಯುವ ಕಿರಿದಾದ ಭಾಗ ಕತ್ತು, ಅದರ ಕೆಳಗೆ ಅಗಲವಾಗುವ ಇಳಿಜಾರು ಹೆಗಲು. ಹಾರಿಸಿದ ಮೇಲೆ ಉಳಿಯುವ ಕೇಸನ್ನು ಮತ್ತೆ ತುಂಬಿ ಬಳಸಬಹುದು. ಕತ್ತಿನ ಮೇಲೆ ಕೂದಲೆಳೆಯಂಥ ಒಂದು ಬಿರುಕು, ಬಾಯಿಯಿಂದ ಹೆಗಲಿನವರೆಗೆ ನೇರವಾಗಿ ಇಳಿದಿದೆ. ಆರನೇ ಸಲ ಹಾರಿಸಿದಾಗ ಹೀಗಾಯಿತು. ಆ ಡಬ್ಬಿಯ ನೂರು ಕೇಸ್‌ಗಳಲ್ಲಿ ಅದೇ ತಿಂಗಳು ಇನ್ನೂ ಹದಿನಾಲ್ಕು ಒಡೆದವು. ಬುಡ ಚೆನ್ನಾಗಿತ್ತು. ಪ್ರೈಮರ್ ಕೂರುವ ಗುಂಡಿ ಬಿಗಿಯಾಗಿತ್ತು. ಕತ್ತು ಮಾತ್ರ ಹೋಗಿತ್ತು. ಅಷ್ಟು ಒಳ್ಳೆಯ ಹಿತ್ತಾಳೆ ಸುಮ್ನೆ ಕಸದ ಡಬ್ಬಿಗೆ ಹೋಯಿತಲ್ಲ ಎಂದು ತುಂಬ ಬೇಜಾರಾಯಿತು. ಕತ್ತನ್ನು ಕಾಯಿಸಿ ಮೆದು ಮಾಡುವ, ಅಂದರೆ ಹದ ಮಾಡುವ ಅನೀಲಿಂಗ್ ಮಷಿನ್, ನಾನು ತಗೊಂಡಿದ್ದು ಅದಾದ ಮೇಲೆ.

ನಾನು ವಿರಾಜಪೇಟೆ ಕಡೆಯವನು. ಈಗ ಹನ್ನೆರಡು ವರ್ಷದಿಂದ ಅರಿಜೋನಾದ ಫೀನಿಕ್ಸ್‌ನಲ್ಲಿದ್ದೇನೆ. ನಮ್ಮ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯನ್ನು ಒರೆಸಿ, ನಳಿಗೆಗೆ ತೋಕ್ ಪೂ ಎನ್ನುವ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡುತ್ತಾ ಬೆಳೆದವನು. ಇಲ್ಲಿ ಬೆನ್ ಏವರಿ ಶೂಟಿಂಗ್ ರೇಂಜ್ ಮನೆಯಿಂದ ಅರ್ಧ ಗಂಟೆ ದೂರ. 1000 ಗಜದವರೆಗೆ ಗುರಿ ಇಡಬಹುದಾದ ಜಾಗ. ನಾನು ಆಡುವುದು ಎಫ್-ಟಿಆರ್. ನೆಲದ ಮೇಲೆ ಮಲಗಿ, ಕೋವಿಯ ಮುಂದೆ ಎರಡು ಕಾಲಿನ ಸ್ಟ್ಯಾಂಡ್ ಇಟ್ಟು ಹೊಡೆಯುವ ಆಟ. ಅದರಲ್ಲಿ .223 ರೆಮಿಂಗ್ಟನ್ ಅಥವಾ .308 ವಿಂಚೆಸ್ಟರ್ ಬಿಟ್ಟು ಬೇರೆ ತೋಟಾ ಬಳಸುವ ಹಾಗಿಲ್ಲ.

ಹಾಸನ ಕಡೆಯ ಒಬ್ಬ ಹುಡುಗ ಈಚೆಗೆ ನಮ್ಮ ಜೊತೆ ಸೇರಿಕೊಂಡಿದ್ದಾನೆ. ಹೋದ ತಿಂಗಳು ಫೋನ್ ಮಾಡಿ, "ಅಣ್ಣಾ, ಮಷಿನ್ ಬಂತು. ಡಬ್ಬಿಯಿಂದ ತೆಗೆದು ಜೋಡಿಸಿದೀನಿ. ಈಗ ಎಷ್ಟು ಸೆಕೆಂಡ್ ಇಡ್ಲಿ?" ಎಂದು ಕೇಳಿದ. ಎಷ್ಟು ಸೆಕೆಂಡ್ ಎಂದು ಫೋನಿನಲ್ಲಿ ಹೇಳಲಾಗುವುದಿಲ್ಲ. ಅವನ ಜ್ವಾಲೆ ಬೇರೆ, ನನ್ನ ಜ್ವಾಲೆ ಬೇರೆ. ಸೆಕೆಂಡು ಕಂಡುಹಿಡಿಯುವ ದಾರಿ ಮಾತ್ರ ಹೇಳಬಹುದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಕೇಂದ್ರದ ಲೈಸೆನ್ಸ್ ಬೇಡ. ಮಾರುವುದಕ್ಕೆ ಬೇಕು. ಆದರೆ ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಬೇಟೆಯ ಲೈಸೆನ್ಸ್ ಇರುವವರಿಗೆ ಸಿಗುವಂಥ ಕೆಲವೇ ವಿನಾಯಿತಿಗಳಿವೆ. ನಾನು ಗ್ರೀನ್ ಕಾರ್ಡ್ ಬರುವವರೆಗೆ ಈ ಕೆಲಸಕ್ಕೆ ಕೈ ಹಾಕಲಿಲ್ಲ. ನೀವೂ ಹಾಕಬೇಡಿ. ಊರಿನಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ತೋಟಾ ತಯಾರಿಸಲು ಪರವಾನಗಿ ಬೇಕೇ ಬೇಕು. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ. ಇದನ್ನು ಓದಿ ಊರಿನಲ್ಲಿ ಯಾರೂ ಪ್ರಯತ್ನ ಮಾಡುವುದು ಬೇಡ.

ಕತ್ತು ಯಾಕೆ ಗಟ್ಟಿಯಾಗುತ್ತದೆ

ತೋಟಾದ ಕೇಸ್ ಮಾಡುವ ಹಿತ್ತಾಳೆಯಲ್ಲಿ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು. ಈ ಹಿತ್ತಾಳೆಗೆ ಒಂದು ಗುಣ ಇದೆ. ಬಗ್ಗಿಸಿದಷ್ಟೂ, ಹಿಗ್ಗಿಸಿದಷ್ಟೂ ಗಟ್ಟಿಯಾಗುತ್ತದೆ. ಹಿತ್ತಾಳೆ ಪಾತ್ರೆ ಬಡಿಯುವವರನ್ನು ನೋಡಿದ್ದರೆ ಗೊತ್ತಿರುತ್ತದೆ. ಒಂದಷ್ಟು ಹೊತ್ತು ಬಡಿದ ಮೇಲೆ ತಗಡು ಸುತ್ತಿಗೆಯ ಮಾತು ಕೇಳುವುದಿಲ್ಲ. ಹಾಗೇ ಬಡಿದರೆ ಸೀಳುತ್ತದೆ. ಆಗ ಬೆಂಕಿಗೆ ಹಿಡಿದು ಮೆದು ಮಾಡಿಕೊಂಡು ಮತ್ತೆ ಬಡಿಯುತ್ತಾರೆ. ನಾವು ಮಾಡುವುದೂ ಅದೇ ಕೆಲಸ, ಬೆರಳುದ್ದದ ಕೇಸಿನಲ್ಲಿ.

ಪ್ರತಿ ಸಲ ಗುಂಡು ಹಾರಿಸಿದಾಗ ಕತ್ತು ಹಿಗ್ಗಿ ಚೇಂಬರಿನ, ಅಂದರೆ ಕೋವಿಯೊಳಗೆ ತೋಟಾ ಕೂರುವ ಜಾಗದ, ಗೋಡೆಗೆ ಅಂಟುತ್ತದೆ. ಮನೆಗೆ ಬಂದು ಸೈಜಿಂಗ್ ಡೈಗೆ, ಅಂದರೆ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚಿಗೆ, ಹಾಕಿದಾಗ ಮತ್ತೆ ಕುಗ್ಗುತ್ತದೆ. ಒಳಗಿನ ಎಕ್ಸ್‌ಪ್ಯಾಂಡರ್ ಬಾಲ್ ಎಳೆದುಕೊಂಡು ಬರುವಾಗ ಇನ್ನೊಮ್ಮೆ ಹಿಗ್ಗುತ್ತದೆ. ಗುಂಡು ಕೂರಿಸಿದಾಗ ಮತ್ತೊಮ್ಮೆ. ಒಂದು ಸುತ್ತಿನಲ್ಲಿ ನಾಲ್ಕು ಸಲ ಹಿಂಸೆ. ಐದಾರು ಸುತ್ತು ಆಗುವಷ್ಟರಲ್ಲಿ ಕತ್ತಿಗೆ ಸ್ಪ್ರಿಂಗಿನ ಗುಣ ಬಂದಿರುತ್ತದೆ. ಡೈಯಿಂದ ಹೊರಗೆ ಬಂದ ಕೂಡಲೇ ಒಂದಿಷ್ಟು ಹಿಂದಕ್ಕೆ ಹಿಗ್ಗುತ್ತದೆ. ಒಂದು ಕೇಸ್ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಮ್ಮಿ. ಹಾಗಾಗಿ ಗುಂಡನ್ನು ಹಿಡಿದಿಡುವ ಬಿಗಿ ಒಂದೊಂದರಲ್ಲಿ ಒಂದೊಂದು ಥರ.

ಇದರಿಂದ ಏನಾಗುತ್ತದೆ ಅಂದರೆ, ಗುಂಡಿನ ವೇಗ ಏರುಪೇರಾಗುತ್ತದೆ. .308ರಲ್ಲಿ ಸೆಕೆಂಡಿಗೆ 10 ಅಡಿ ವೇಗದ ವ್ಯತ್ಯಾಸ ಬಂದರೆ 1000 ಗಜದಲ್ಲಿ ಸುಮಾರು 3 ಇಂಚು ಮೇಲೆ ಕೆಳಗೆ. ಗುರಿಹಲಗೆಯ ಹತ್ತರ ಉಂಗುರ ಅಗಲ ಇರುವುದೇ 10 ಇಂಚು, ಒಳಗಿನ ಎಕ್ಸ್ 5 ಇಂಚು. ಗಾಳಿಯನ್ನು ನಾವು ಹಿಡಿಯಲಾಗುವುದಿಲ್ಲ. ಕೇಸಿನ ಕತ್ತನ್ನಾದರೂ ಒಂದೇ ಥರ ಇಟ್ಟುಕೊಳ್ಳಬಹುದು, ಅಲ್ವಾ? ಕೇಸ್ ಹೆಚ್ಚು ಸಲ ಬಾಳುತ್ತದೆ ಎನ್ನುವುದಕ್ಕಿಂತ ಈ ಒಂದೇ ಥರ ಎನ್ನುವುದೇ ನನಗೆ ದೊಡ್ಡ ಲಾಭ ಅನ್ನಿಸಿದೆ.

ಈ ವಿಷಯದಲ್ಲಿ ನಮ್ಮ ದೇಶದ ಮಳೆಗಾಲಕ್ಕೂ ಒಂದು ಪಾಲಿದೆ. ಬ್ರಿಟಿಷರ ಸೈನ್ಯ ಭಾರತದಲ್ಲಿದ್ದಾಗ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ಕೇಸ್‌ಗಳು ತಾವಾಗಿಯೇ ಸೀಳಿರುತ್ತಿದ್ದವು. ಯಾಕೆ ಎಂದು ಸರಿಯಾಗಿ ತಿಳಿದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಅದರ ಜೊತೆಗೆ ಹಿತ್ತಾಳೆಯನ್ನು ಎಳೆದು ರೂಪ ಕೊಟ್ಟಾಗ ಒಳಗೆ ಉಳಿದುಬಿಟ್ಟ ಬಿಗಿತ. ಎರಡೂ ಸೇರಿ ಸೀಳುತ್ತಿತ್ತು. ಕಾಯಿಸಿ ಆ ಬಿಗಿತ ಕಳೆದರೆ ಕಾಯಿಲೆ ಹೋಗುತ್ತದೆ. ಇದರಿಂದ ನಮಗೊಂದು ಪಾಠ ಇದೆ. ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಅನ್ನು ದೇವರ ದೀಪಕ್ಕೆ ಬಳಸಿ, ಕೇಸ್‌ಗೆ ಮಾತ್ರ ಮುಟ್ಟಿಸಬೇಡಿ.

ಬುಡದ ಮಾತು

ಮಷಿನ್ ಮುಟ್ಟುವ ಮುಂಚೆ ಇದೊಂದು ತಲೆಯಲ್ಲಿ ಕೂರಬೇಕು. ಮೆದುವಾಗಬೇಕಾದ್ದು ಬಾಯಿ, ಕತ್ತು, ಹೆಗಲು. ಅಷ್ಟೇ. ಮೈಯ ಕೆಳಭಾಗ ಮತ್ತು ಬುಡ ಗಟ್ಟಿಯಾಗಿಯೇ ಉಳಿಯಬೇಕು. .308ಕ್ಕೆ ನಿಗದಿ ಮಾಡಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಆ ಒತ್ತಡ ನಿಮ್ಮ ಮುಖದ ಹತ್ತಿರ ಹುಟ್ಟುತ್ತದೆ. ಅದನ್ನು ತಡೆಯುವುದರಲ್ಲಿ ಬುಡದ ಗಟ್ಟಿತನಕ್ಕೆ ದೊಡ್ಡ ಪಾಲಿದೆ. ಬುಡ ಮೆದುವಾದ ಕೇಸ್ ಹಾರಿಸಿದರೆ ಅದು ಹಿಗ್ಗಿ ಹರಿಯಬಹುದು, ಬಿಸಿ ಗ್ಯಾಸ್ ಹಿಂದಕ್ಕೆ ನುಗ್ಗಬಹುದು. ಕಣ್ಣು ಹೋಗಬಹುದು.

ಮೆದುವಾದ ಬುಡವನ್ನು ಮತ್ತೆ ಗಟ್ಟಿ ಮಾಡುವ ದಾರಿ ನಮ್ಮ ಮೇಜಿನ ಮೇಲೆ ಇಲ್ಲ. ಕಮ್ಮಾರ ಕತ್ತಿಯನ್ನು ಕಾಯಿಸಿ ನೀರಿಗೆ ಅದ್ದಿದರೆ ಅದು ಗಟ್ಟಿಯಾಗುತ್ತದೆ. ಅದು ಉಕ್ಕಿನ ಗುಣ. ಹಿತ್ತಾಳೆಗೆ ಆ ಗುಣ ಇಲ್ಲ. ನೀರಿಗೆ ಹಾಕಿದರೂ ಹಾಕದಿದ್ದರೂ ಒಮ್ಮೆ ಮೆದುವಾದದ್ದು ಮೆದುವೇ. ಹಾಗಾಗಿ ಅನುಮಾನ ಬಂದ ಕೇಸನ್ನು ಇಕ್ಕಳದಿಂದ ಜಜ್ಜಿ ಗುಜರಿಗೆ ಹಾಕಿ. ಜಜ್ಜುವುದು ಯಾಕೆಂದರೆ, ನಾಳೆ ನೀವೇ ಮರೆತು ಎತ್ತಿಕೊಳ್ಳಬಾರದು.

ಯಾವ ಮಷಿನ್

ಎರಡು ಬಗೆ. ಒಂದು ಗ್ಯಾಸ್ ಜ್ವಾಲೆಯದ್ದು. ಇನ್ನೊಂದು ಇಂಡಕ್ಷನ್.

ಇಂಡಕ್ಷನ್‌ನಲ್ಲಿ ಬೆಂಕಿ ಇಲ್ಲ. ತಾಮ್ರದ ಸುರುಳಿಯಲ್ಲಿ ವೇಗವಾಗಿ ದಿಕ್ಕು ಬದಲಿಸುವ ಕರೆಂಟ್ ಹರಿಯುತ್ತದೆ, ನಡುವೆ ಇಟ್ಟ ಹಿತ್ತಾಳೆ ತನ್ನೊಳಗೇ ಕಾಯುತ್ತದೆ. ನಮ್ಮ ರೇಂಜಿನಲ್ಲಿ ಒಬ್ಬರ ಹತ್ತಿರ ನ್ಯೂಜಿಲೆಂಡಿನ ಎಎಂಪಿ ಮಷಿನ್ ಇದೆ. ಅದರ ಅಜ್ಟೆಕ್ ಎನ್ನುವ ವ್ಯವಸ್ಥೆಗೆ ನಿಮ್ಮ ಲಾಟಿನ, ಅಂದರೆ ಒಂದೇ ಡಬ್ಬಿಯ ಕೇಸ್‌ಗಳ ಗುಂಪಿನ, ಒಂದು ಕೇಸ್ ಬಲಿ ಕೊಡಬೇಕು. ಮಷಿನ್ ಅದನ್ನು ಕಾಯಿಸಿ ಹಾಳು ಮಾಡಿ, ಆ ಲಾಟಿಗೆ ಎಷ್ಟು ಶಕ್ತಿ ಬೇಕು ಎಂದು ಒಂದು ಕೋಡ್ ಕೊಡುತ್ತದೆ. ಆ ಕೋಡ್ ಹಾಕಿಕೊಂಡು ಉಳಿದದ್ದನ್ನು ಒಂದೊಂದಾಗಿ ಹದ ಮಾಡಬಹುದು. ತುಂಬ ಚೆನ್ನಾಗಿದೆ. ಬೆಲೆ ಸಾವಿರ ಡಾಲರ್ ದಾಟುತ್ತದೆ.

ನನ್ನದು ಗ್ಯಾಸಿನದು, ಕೆಲವು ನೂರು ಡಾಲರಿನದು. ಆ ಹುಡುಗನದೂ ಅದೇ ಬಗೆ. ಹಾಗಾಗಿ ಮುಂದಿನದೆಲ್ಲ ಇದರ ಬಗ್ಗೆಯೇ. ಇದರ ಒಡಲು ಸರಳ. ಒಂದು ಇಳಿಜಾರು ತಟ್ಟೆ, ಅದರಲ್ಲಿ ಕೇಸ್‌ಗಳು ಮಲಗಿ ಸಾಲಾಗಿ ಉರುಳಿ ಬರುತ್ತವೆ. ಕೆಳಗೆ ಮೋಟರಿನಿಂದ ತಿರುಗುವ ಒಂದು ಡ್ರಮ್. ಡ್ರಮ್ಮಿನಲ್ಲಿ ಒಂದು ಕೇಸ್ ಹಿಡಿಯುವಷ್ಟು ಸೀಳು. ಮೊದಲ ಕೇಸ್ ಡ್ರಮ್ಮಿಗೆ ಒರಗಿ ತಾನೂ ತಿರುಗುತ್ತಿರುತ್ತದೆ, ಆಗ ಅದರ ಕತ್ತಿಗೆ ಜ್ವಾಲೆ ಬಡಿಯುತ್ತದೆ. ಸೀಳು ಒಂದು ಸುತ್ತು ಬಂದಾಗ ಆ ಕೇಸ್ ಅದರೊಳಗೆ ಬಿದ್ದು ಆಚೆ ಕಡೆಯ ತಟ್ಟೆಗೆ ಹೋಗುತ್ತದೆ. ಮುಂದಿನದು ಆ ಜಾಗಕ್ಕೆ ಬರುತ್ತದೆ. ಅಂದರೆ ಡ್ರಮ್ ಒಂದು ಸುತ್ತು ಹಾಕುವ ಹೊತ್ತೇ ಕೇಸ್ ಬೆಂಕಿಯಲ್ಲಿರುವ ಹೊತ್ತು. ಮೋಟರಿನ ವೇಗ ಬದಲಿಸುವ ಗುಬ್ಬಿ (ನಾಬ್) ತಿರುಗಿಸಿದರೆ ಹೊತ್ತು ಬದಲಾಗುತ್ತದೆ. ನಿಮ್ಮ ಕೈಯಲ್ಲಿರುವುದು ಆ ಗುಬ್ಬಿ ಮತ್ತು ಜ್ವಾಲೆ, ಎರಡೇ.

ಶುರು ಮಾಡುವ ಮುಂಚೆ

ಖಾಲಿ ಕೇಸ್ ಮಾತ್ರ. ಪ್ರೈಮರ್ ತೆಗೆದದ್ದು ಮಾತ್ರ. ಹಾರಿಸಿದ ಕೇಸ್‌ಗಳ ನಡುವೆ ಹಾರಿಸದ ತೋಟಾ ಒಂದು ಸೇರಿಕೊಂಡಿರಬಹುದು. ನಾನು ಪ್ರತಿಯೊಂದನ್ನೂ ಬಾಯಿ ಕೆಳಗೆ ಮಾಡಿ ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಬುಡದ ತೂತಿನಿಂದ ಬೆಳಕು ಕಾಣುತ್ತದೆಯೇ ಎಂದು ನೋಡುತ್ತೇನೆ. ಐವತ್ತು ಕೇಸ್‌ಗೆ ಒಂದು ನಿಮಿಷ ಹಿಡಿಯುತ್ತದೆ. ಈ ಒಂದು ನಿಮಿಷವನ್ನು ಯಾವತ್ತೂ ಬಿಡಬೇಡಿ.

ಆಮೇಲೆ ತೊಳೆಯುವುದು. ಸ್ಟೀಲ್ ಪಿನ್ ಹಾಕಿ ನೀರಿನಲ್ಲಿ ತೊಳೆದರೆ ಕತ್ತಿನ ಮಸಿ ಹೋಗುತ್ತದೆ. ಮಸಿ ಹಿಡಿದ ಕತ್ತು, ಎಣ್ಣೆ ಉಳಿದ ಕತ್ತು ಒಂದೇ ಥರ ಕಾಯುವುದಿಲ್ಲ, ಬಣ್ಣವೂ ಮೋಸ ಮಾಡುತ್ತದೆ. ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ಆ ಕೊಳೆ ನೀರು ಅಡುಗೆಮನೆಯ ಸಿಂಕಿಗೆ ಬರಬಾರದು. ಕೈಗವಸು ಹಾಕಿ, ಮಕ್ಕಳನ್ನು ದೂರ ಇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ತೊಳೆದ ಕೇಸ್ ಚೆನ್ನಾಗಿ ಒಣಗಲಿ. ಒಳಗೆ ಒಂದು ಹನಿ ನೀರು ಉಳಿದರೂ ಶಾಖವನ್ನು ಅದು ಕುಡಿದುಬಿಡುತ್ತದೆ.

ಲಾಟ್ ಬೆರೆಸಬೇಡಿ. ಒಂದೇ ಕಂಪನಿಯ, ಒಂದೇ ಡಬ್ಬಿಯ, ಅಷ್ಟೇ ಸಲ ಹಾರಿಸಿದ ಕೇಸ್‌ಗಳು ಒಟ್ಟಿಗಿರಲಿ. ಒಂದು ಕಂಪನಿಯ ಕತ್ತು ದಪ್ಪ, ಇನ್ನೊಂದರದು ತೆಳು. ದಪ್ಪಕ್ಕೆ ಸರಿಹೋದ ಹೊತ್ತು ತೆಳುವಿಗೆ ಜಾಸ್ತಿ.

ಮಷಿನ್ ಇಡುವ ಜಾಗದಲ್ಲಿ ಮದ್ದಿನ ಡಬ್ಬಿ, ಪ್ರೈಮರ್ ಪೆಟ್ಟಿಗೆ ಇರಲೇಬಾರದು. ನನ್ನ ಮದ್ದು ಮನೆಯೊಳಗೆ ಬೇರೆ ಕೋಣೆಯಲ್ಲಿರುತ್ತದೆ. ಮೇಜಿನ ಮೇಲೆ ಬಟ್ಟೆ, ಕಾಗದ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗಬೇಕು. ಕೇಸ್ ಬೀಳುವ ತಟ್ಟೆ ಲೋಹದ್ದಾಗಿರಲಿ, ನಾನು ಒಂದು ಸ್ಟೀಲ್ ಬೇಕಿಂಗ್ ಟ್ರೇ ಇಟ್ಟಿದ್ದೇನೆ. ಗಾಳಿ ಆಡಬೇಕು, ಆದರೆ ಗಾಳಿ ಜ್ವಾಲೆಗೆ ಬಡಿಯಬಾರದು. ಹಾಗಾಗಿ ಗ್ಯಾರೇಜಿನ ಬಾಗಿಲನ್ನು ಒಂದಡಿ ಎತ್ತಿ, ಫ್ಯಾನ್ ಆರಿಸಿ ಕೂರುತ್ತೇನೆ. ಜ್ವಾಲೆ ಅಲುಗಾಡಿದರೆ ಲೆಕ್ಕವೆಲ್ಲ ಹೋಯಿತು.

ಜ್ವಾಲೆ ಎಲ್ಲಿಗೆ ಬಡಿಯಬೇಕು

ಗ್ಯಾಸ್ ಹಚ್ಚುವ ಮುಂಚೆ ಒಂದು ಕೇಸ್ ಇಟ್ಟು ಗ್ಯಾಸ್ ಟಾರ್ಚಿನ, ಅಂದರೆ ಜ್ವಾಲೆ ಹೊರಡುವ ಕೊಳವೆಯ, ಮೂತಿಯ ಜಾಗ ಸರಿ ಮಾಡಿಕೊಳ್ಳಿ. ಕತ್ತು ಮತ್ತು ಹೆಗಲು ಸೇರುವ ಗೆರೆಗೆ ಗುರಿ ಇರಲಿ. ಬಾಯಿಯ ತುದಿಗೆ ಇಟ್ಟರೆ ತುದಿ ಬೇಗ ಬೇಯುತ್ತದೆ, ಹೆಗಲು ಹಸಿಯಾಗಿ ಉಳಿಯುತ್ತದೆ. ಹೆಗಲಿನ ಕೆಳಗೆ ಇಟ್ಟರೆ ಶಾಖ ಮೈಗೆ ಇಳಿಯುತ್ತದೆ, ಅದು ಅಪಾಯ.

ಹಚ್ಚಿದ ಮೇಲೆ ಜ್ವಾಲೆಯೊಳಗೆ ತಿಳಿ ನೀಲಿಯ ಚೂಪು ಕೋನ್ ಒಂದು ಕಾಣುತ್ತದೆ. ಅದರ ತುದಿಯ ಸ್ವಲ್ಪ ಆಚೆಗೆ ಶಾಖ ಅತಿ ಹೆಚ್ಚು. ನಾನು ಕೋನಿನ ತುದಿಗೂ ಹಿತ್ತಾಳೆಗೂ ನಡುವೆ ಸುಮಾರು ಕಾಲು ಇಂಚು ಬಿಡುತ್ತೇನೆ. ಒಮ್ಮೆ ಸರಿಹೋದ ಮೇಲೆ ಟಾರ್ಚಿನ ಬುಡದ ಸುತ್ತ ಮೇಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದಿದ್ದೇನೆ. ಮುಂದಿನ ಸಲ ಅಲ್ಲೇ ಇಟ್ಟರೆ ಆಯಿತು.

ಗ್ಯಾಸನ್ನು ಐದು ನಿಮಿಷ ಸುಮ್ಮನೆ ಉರಿಯಲು ಬಿಡಿ. ಡ್ರಮ್, ಟಾರ್ಚಿನ ಮೂತಿ ಎಲ್ಲ ಬಿಸಿಯಾಗಿ ಒಂದು ಸ್ಥಿತಿಗೆ ಬರಲಿ. ತಣ್ಣಗಿರುವಾಗ ಹಿಡಿದ ಹೊತ್ತು ಹತ್ತು ನಿಮಿಷದ ಮೇಲೆ ಸುಳ್ಳಾಗುತ್ತದೆ.

ಹೊತ್ತು ಹಿಡಿಯುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಕಾದ ಜಾಗ ಇದು. ಸಕ್ಕರೆ ಪಾಕ ಕಾಯಿಸುವವರಿಗೆ ಒಂದೆಳೆ ಯಾವಾಗ ಬಂತು ಎಂದು ಗೊತ್ತಾಗುವ ಹಾಗೆ, ಇದಕ್ಕೂ ಒಂದು ಗಳಿಗೆ ಇದೆ. ಅದನ್ನು ಕಣ್ಣಿಗೆ ಅಭ್ಯಾಸ ಮಾಡಿಸಬೇಕು.

ಮೊದಲು ಶಾಖದ ಲೆಕ್ಕ. ಕುಲುಮೆಯಲ್ಲಿ ಒಂದು ಗಂಟೆ ಇಟ್ಟರೆ ಈ ಹಿತ್ತಾಳೆ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಮೆದುವಾಗುತ್ತದೆ. ನಮಗಿರುವುದು ನಾಲ್ಕೈದು ಸೆಕೆಂಡು. ಹೊತ್ತು ಕಮ್ಮಿಯಾದಷ್ಟೂ ಶಾಖ ಜಾಸ್ತಿ ಬೇಕು. ಹಾಗಾಗಿ ಕತ್ತು 500 ಡಿಗ್ರಿ ದಾಟಬೇಕು. ಯಾವ ವಸ್ತುವಾದರೂ ಕಾದು ಕತ್ತಲೆಯಲ್ಲಿ ಮಸುಕಾಗಿ ಕೆಂಪಗೆ ಕಾಣಲು ಶುರುವಾಗುವುದು ಸುಮಾರು 525 ಡಿಗ್ರಿಗೆ. ನಮ್ಮ ಅದೃಷ್ಟಕ್ಕೆ ಇವೆರಡೂ ಹತ್ತಿರ ಹತ್ತಿರ ಇವೆ. ಹಾಗಾಗಿ ಕತ್ತಲೆಯೇ ನಮ್ಮ ಥರ್ಮಾಮೀಟರ್.

ನಾನು ಸೂರ್ಯ ಮುಳುಗಿದ ಮೇಲೆ ಗ್ಯಾರೇಜಿನ ದೀಪ ಆರಿಸಿ ಕೂರುತ್ತೇನೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬಿಡಿ. ಪರೀಕ್ಷೆಗೆಂದೇ ಅದೇ ಲಾಟಿನ ಹತ್ತು ಹಳೆಯ ಕೇಸ್ ಇಟ್ಟುಕೊಂಡಿರಿ, ಕಸಕ್ಕೆ ಹೋಗುವಂಥವು. ಗುಬ್ಬಿಯನ್ನು ವೇಗದ ಕಡೆ ಇಟ್ಟು ಶುರು ಮಾಡಿ, ಅಂದರೆ ಹೊತ್ತು ಕಮ್ಮಿ, ಮೂರು ಸೆಕೆಂಡ್ ಇರಲಿ. ಮೊದಲ ಕೇಸ್ ಹೋಗುತ್ತದೆ, ಏನೂ ಕಾಣುವುದಿಲ್ಲ. ಗುಬ್ಬಿ ಒಂದು ಕೂದಲಷ್ಟು ನಿಧಾನಕ್ಕೆ ತಿರುಗಿಸಿ. ಇನ್ನೊಂದು ಕೇಸ್. ಹೀಗೇ ಮಾಡುತ್ತಾ ಹೋದರೆ ಒಂದು ಕೇಸಿನ ಬಾಯಿ ಇನ್ನೇನು ಬೀಳುತ್ತದೆ ಅನ್ನುವಾಗ ಸಣ್ಣಗೆ, ಆರುತ್ತಿರುವ ಕೆಂಡದ ಹಾಗೆ ಕೆಂಪಾಗುತ್ತದೆ. ಅಲ್ಲಿ ನಿಲ್ಲಿಸಿ. ಆ ಹೊತ್ತನ್ನು ಸ್ಟಾಪ್‌ವಾಚಿನಲ್ಲಿ ಅಳೆಯಿರಿ. ಅದರಿಂದ ಕಾಲು ಸೆಕೆಂಡ್ ಕಳೆಯಿರಿ. ಅದೇ ನಿಮ್ಮ ಹೊತ್ತು. ನನ್ನ ಜ್ವಾಲೆ, ನನ್ನ .308 ಕೇಸ್‌ಗೆ ಐದು ಸೆಕೆಂಡಿನ ಆಸುಪಾಸು ಬರುತ್ತದೆ. ನಿಮಗೆ ನಾಲ್ಕು ಬರಬಹುದು, ಆರು ಬರಬಹುದು.

ಬಾಯಿ ಕಿತ್ತಳೆ ಬಣ್ಣಕ್ಕೆ ಹೊಳೆದರೆ ಅತಿಯಾಯಿತು. ಕೇಸಿಗೆ ಬಡಿದು ಆಚೆ ಹೋಗುವ ಜ್ವಾಲೆ ನೀಲಿಯಿಂದ ಕಿತ್ತಳೆಗೆ ತಿರುಗಿದರೂ ಎಚ್ಚರ. ಆ ಕೇಸ್‌ಗಳು ಹೋದ ಹಾಗೆ. ಸತು 907 ಡಿಗ್ರಿಗೆ ಕುದಿಯುವ ಲೋಹ, ಹಿತ್ತಾಳೆ ಕರಗಲು ಶುರುವಾಗುವುದು 915ಕ್ಕೆ. ಅಲ್ಲಿಯವರೆಗೆ ಹೋಗುವ ಕೆಲಸ ನಮಗೆ ಇಲ್ಲವೇ ಇಲ್ಲ.

ಈಗ ಬುಡದ ಪರೀಕ್ಷೆ. ಟೆಂಪಿಲ್ಯಾಕ್ ಎನ್ನುವ ಒಂದು ಬಣ್ಣ ಸಿಗುತ್ತದೆ. ಹಚ್ಚಿ ಒಣಗಿದಾಗ ಸುಣ್ಣದ ಹಾಗೆ ಮಂಕಾಗಿರುತ್ತದೆ. ಸೀಸೆಯ ಮೇಲೆ ಬರೆದ ಶಾಖ ಮುಟ್ಟಿದ ಕೂಡಲೇ ಕರಗಿ ಮಿರುಗುತ್ತದೆ. 450 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 230 ಸೆಲ್ಸಿಯಸ್‌ನ ಸೀಸೆ ತಗೊಳ್ಳಿ. ಹೆಗಲಿನ ಕಾಲು ಇಂಚು ಕೆಳಗಿನಿಂದ ಬುಡದವರೆಗೆ ಉದ್ದಕ್ಕೆ ಒಂದು ಗೆರೆ ಹಚ್ಚಿ ಓಡಿಸಿ. ಗೆರೆ ಮಂಕಾಗಿಯೇ ಉಳಿದರೆ ಬುಡ ಕ್ಷೇಮ. ಮೇಲ್ತುದಿಯಲ್ಲಿ ಒಂದು ಎಳೆಯಷ್ಟು ಕರಗಿದರೆ ಪರವಾಗಿಲ್ಲ. ಅದಕ್ಕಿಂತ ಕೆಳಗೆ ಕರಗಿದ್ದರೆ ಜ್ವಾಲೆ ತುಂಬ ಸಣ್ಣದಾಗಿದೆ, ಹೊತ್ತು ತುಂಬ ಉದ್ದವಾಗಿದೆ ಎಂದು ಅರ್ಥ. ಜ್ವಾಲೆ ಜೋರು ಮಾಡಿ, ಹೊತ್ತು ಕಮ್ಮಿ ಮಾಡಿ. ಬೇಗ ಕಾಯಿಸಿ ಬೇಗ ಬಿಡುವುದೇ ಸರಿ. ನಿಧಾನಕ್ಕೆ ಕಾಯಿಸಿದರೆ ಶಾಖ ಕೆಳಗೆ ನಡೆದು ಹೋಗಲು ಪುರುಸೊತ್ತು ಸಿಗುತ್ತದೆ.

ಕೊನೆಗೆ ಇಕ್ಕಳದ ಪರೀಕ್ಷೆ. ತಣ್ಣಗಾದ ಒಂದು ಪರೀಕ್ಷೆಯ ಕೇಸಿನ ಬಾಯಿಯನ್ನು ಇಕ್ಕಳದಿಂದ ಸ್ವಲ್ಪ ಒತ್ತಿ ಬಿಡಿ. ಹದ ಸರಿಯಾಗಿದ್ದರೆ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಒತ್ತಿದ ಹಾಗೇ ಹಿಟ್ಟಿನ ಥರ ಉಳಿದರೆ ಬೆಂದುಹೋಗಿದೆ. ಒತ್ತಲು ಮೊಂಡು ಹಿಡಿದು ಪೂರ್ತಿ ಹಿಂದಕ್ಕೆ ಚಿಮ್ಮಿದರೆ ಹದ ಆಗಿಲ್ಲ. ಹದ ಮಾಡದ ಒಂದು ಕೇಸ್ ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಒತ್ತಿ ನೋಡಿ, ಕೈಗೆ ವ್ಯತ್ಯಾಸ ತಿಳಿಯುತ್ತದೆ.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಲಪುವಾ ಕಂಪನಿಯ ಕೇಸ್‌ಗೆ ಹೊಸದರಲ್ಲೇ ಕತ್ತಿನ ಹತ್ತಿರ ನೀಲಿ ಕಂದು ಮಿಶ್ರಿತ ಕಲೆ ಇರುತ್ತದೆ. ಅದು ಕಾರ್ಖಾನೆಯಲ್ಲಿ ಹದ ಮಾಡಿದ ಗುರುತು, ಉಜ್ಜದೆ ಬಿಟ್ಟಿರುತ್ತಾರೆ. ಬಹಳ ಕಂಪನಿಗಳು ಅದನ್ನು ಉಜ್ಜಿ ಹೊಳಪು ಮಾಡಿ ಕಳಿಸುತ್ತವೆ. ಕಲೆ ಚೆನ್ನಾಗಿ ಬಂದಿದೆ ಎಂದರೆ ಹದ ಬಂದಿದೆ ಎಂದಲ್ಲ. ಹದಕ್ಕೆ ಬೇಕಾದ ಶಾಖಕ್ಕಿಂತ ಎಷ್ಟೋ ಕಮ್ಮಿಗೇ ಬಣ್ಣ ಬಂದುಬಿಡುತ್ತದೆ.

ಓಡಿಸುವಾಗ

ಹೊತ್ತು ಹಿಡಿದ ಮೇಲೆ ನೂರು ಕೇಸ್‌ಗೆ ಹತ್ತು ಹನ್ನೆರಡು ನಿಮಿಷ ಸಾಕು. ಆ ಹನ್ನೆರಡು ನಿಮಿಷ ಅಲ್ಲೇ ಇರಿ. ಫೋನ್ ಒಳಗೆ ಇಟ್ಟು ಬನ್ನಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮೂರು ವರ್ಷದ ಹಿಂದೆ ಊರಿನಿಂದ ಅಮ್ಮ ಫೋನ್ ಮಾಡಿದ್ದರು. ಮಷಿನ್ ಓಡುತ್ತಿತ್ತು, ನಾನು ಬೆನ್ನು ತಿರುಗಿಸಿ ಮಾತಾಡುತ್ತಾ ನಿಂತೆ. ಬಾಯಿ ನೆಗ್ಗಿದ್ದ ಒಂದು ಕೇಸ್ ಸೀಳಿಗೆ ಸರಿಯಾಗಿ ಬೀಳದೆ ಅಲ್ಲೇ ಸಿಕ್ಕಿಕೊಂಡಿತು. ತಿರುಗಿ ನೋಡುವಾಗ ಅದರ ಅರ್ಧ ಮೈ ಕೆಂಪಗೆ ಹೊಳೆಯುತ್ತಿತ್ತು. ಗ್ಯಾಸ್ ಆರಿಸಿದೆ. ಅದರ ಹಿಂದೆ ಸಾಲಿನಲ್ಲಿದ್ದ ಕೇಸ್‌ಗಳಿಗೂ ಎಷ್ಟು ಶಾಖ ತಗುಲಿತ್ತು ಎಂದು ತಿಳಿಯಲಿಲ್ಲ. ಒಟ್ಟು ಒಂಬತ್ತು ಕೇಸ್ ಜಜ್ಜಿ ಹಾಕಿದೆ. ಆವತ್ತಿನಿಂದ ತಟ್ಟೆಗೆ ಹಾಕುವ ಮುಂಚೆ ಪ್ರತಿ ಕೇಸಿನ ಬಾಯಿ ದುಂಡಗಿದೆಯೇ ಎಂದು ನೋಡುತ್ತೇನೆ.

ಇನ್ನೊಂದು ಪೆಟ್ಟು ಫೀನಿಕ್ಸಿನ ಬಿಸಿಲಿನಿಂದ ಬಿತ್ತು. ಜನವರಿಯ ಒಂದು ಬೆಳಗ್ಗೆ ಹಿಡಿದ ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಜೂನ್‌ನಲ್ಲಿ ಅದನ್ನೇ ನೋಡಿ ಗುಬ್ಬಿ ಇಟ್ಟು ನಲವತ್ತು ಕೇಸ್ ಓಡಿಸಿದೆ. ಗ್ಯಾರೇಜಿನೊಳಗೆ 43 ಡಿಗ್ರಿ ಇತ್ತು. ಆಗ ನನ್ನ ಟಾರ್ಚಿಗೆ ರೆಗ್ಯುಲೇಟರ್ ಇರಲಿಲ್ಲ. ಸಿಲಿಂಡರ್ ಬಿಸಿಯಾದಷ್ಟೂ ಒಳಗಿನ ಪ್ರೊಪೇನ್ ಒತ್ತಡ ಏರುತ್ತದೆ, ಜ್ವಾಲೆ ಜೋರಾಗುತ್ತದೆ. ನಲವತ್ತೂ ಬೆಂದುಹೋದವು. ಇಕ್ಕಳದಲ್ಲಿ ಒತ್ತಿದರೆ ಒತ್ತಿದ ಹಾಗೇ ಉಳಿದವು. ಈ ಥರದ ನೂರು ಕೇಸಿನ ಡಬ್ಬಿಗೆ ನೂರು ಡಾಲರಿಗೂ ಜಾಸ್ತಿ ಕೊಡಬೇಕು, ಲೆಕ್ಕ ಹಾಕಿ. ಈಗ ರೆಗ್ಯುಲೇಟರ್ ಇರುವ ಟಾರ್ಚ್ ಬಳಸುತ್ತೇನೆ. ಆದರೂ ಪ್ರತಿ ಸಲ ಕತ್ತಲೆಯಲ್ಲಿ ಹೊಸದಾಗಿ ಹೊತ್ತು ಹಿಡಿಯುತ್ತೇನೆ. ಪುಸ್ತಕದಲ್ಲಿ ಬರೆದದ್ದು ಎಲ್ಲಿಂದ ಶುರು ಮಾಡಬೇಕು ಎನ್ನುವುದಕ್ಕೆ ಮಾತ್ರ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಗ್ಯಾಸ್ ಹೊರಗೆ ಹೋಗುತ್ತಿದ್ದಂತೆ ಸಣ್ಣ ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ. ನೂರನೇ ಕೇಸ್ ಮೊದಲನೆಯದಕ್ಕಿಂತ ಕಮ್ಮಿ ಬೆಂದಿರಬಹುದು. ಹಾಗಾಗಿ ಐವತ್ತಕ್ಕೊಮ್ಮೆ ನಿಲ್ಲಿಸಿ, ಪರೀಕ್ಷೆಯ ಕೇಸ್ ಒಂದನ್ನು ಓಡಿಸಿ ಹೊಳಪು ನೋಡಿಕೊಳ್ಳಿ. ಮುಗಿಯುತ್ತಾ ಬಂದ ಸಿಲಿಂಡರಿನಲ್ಲಿ ಹೊಸ ಲಾಟ್ ಶುರು ಮಾಡಬೇಡಿ.

ತಟ್ಟೆಗೆ ಬಿದ್ದ ಕೇಸ್‌ಗಳನ್ನು ಮುಟ್ಟಬೇಡಿ, ನೋಡಲು ತಣ್ಣಗಿದ್ದ ಹಾಗೆ ಕಂಡರೂ ಚರ್ಮ ಸುಡುತ್ತವೆ. ಹಾಗೇ ಆರಲು ಬಿಡಿ. ನೀರು ಬೇಡ, ಮತ್ತೆ ಒಣಗಿಸುವ ಕೆಲಸ ಸುಮ್ನೆ ಯಾಕೆ.

ಹದ ಆದ ಮೇಲೆ

ಸೈಜಿಂಗ್ ಮಾಡುವುದು ಹದ ಆದ ಮೇಲೆ, ಮುಂಚೆ ಅಲ್ಲ. ಮೆದುವಾದ ಕತ್ತು ಡೈ ಹೇಳಿದ ಮಾತು ಕೇಳುತ್ತದೆ, ಅದಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು. ಇಲ್ಲಿ ಬಹಳ ಜನ ಎಡವುತ್ತಾರೆ. ಹಿಂದಿನ ಸಲ ಗಟ್ಟಿ ಕೇಸಿಗೆ ಹೊಂದಿಸಿದ ಡೈಯನ್ನು ಹಾಗೇ ಬಳಸುತ್ತಾರೆ. ಆಗ ಹೆಗಲು ಹಿಂದಕ್ಕೆ ಚಿಮ್ಮುತ್ತಿತ್ತು, ಈಗ ಚಿಮ್ಮುವುದಿಲ್ಲ. ಹಾಗಾಗಿ ಅದೇ ಡೈ ಹೆಗಲನ್ನು ಬೇಕಾದ್ದಕ್ಕಿಂತ ಹೆಚ್ಚು ಕೆಳಗೆ ತಳ್ಳಿಬಿಡುತ್ತದೆ. ಹೆಗಲು ಹೆಚ್ಚು ಕೆಳಗೆ ಹೋದರೆ ಪ್ರತಿ ಸಲ ಹಾರಿಸಿದಾಗಲೂ ಮೈ ಉದ್ದಕ್ಕೆ ಎಳೆದು, ಬುಡದ ಹತ್ತಿರ ಗೋಡೆ ತೆಳುವಾಗುತ್ತದೆ. ನನ್ನ ಬೋಲ್ಟ್ ಕೋವಿಗೆ ನಾನು 0.002 ಇಂಚು ಮಾತ್ರ ತಳ್ಳುತ್ತೇನೆ. ಕ್ಯಾಲಿಪರಿಗೆ ಹೆಗಲಿನ ಜಾಗ ಅಳೆಯುವ ಕಂಪ್ಯಾರೇಟರ್ ಹಾಕಿ, ಮೊದಲ ಐದು ಕೇಸ್ ಅಳೆದು, ಡೈಯನ್ನು ಹೊಸದಾಗಿ ಹೊಂದಿಸಿ ಆಮೇಲೆ ಮುಂದುವರಿಯುತ್ತೇನೆ.

ಗುಂಡು ಕೂರಿಸುವಾಗ ಪ್ರೆಸ್ಸಿನ ಹಿಡಿಕೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಹಿಂದೆ ಒಂದು ಜೋರಾಗಿ ಹೋಗುತ್ತಿತ್ತು, ಇನ್ನೊಂದು ಸಡಿಲ. ಈಗ ಎಲ್ಲವೂ ಒಂದೇ ತೂಕದಲ್ಲಿ ಇಳಿಯುತ್ತವೆ. ಮೊದಲ ಸಲ ಇದು ಕೈಗೆ ತಿಳಿದಾಗ ನನಗೆ ತುಂಬ ಖುಷಿಯಾಗಿತ್ತು.

ಮದ್ದಿನ ತೂಕದ ಬಗ್ಗೆ ನಾನು ಇಲ್ಲಿ ಏನೂ ಬರೆಯುವುದಿಲ್ಲ. ಅದಕ್ಕೆ ಮದ್ದಿನ ಕಂಪನಿ ಅಚ್ಚು ಹಾಕಿಸಿದ ಪುಸ್ತಕವೇ ಆಧಾರ. ಇಷ್ಟು ಮಾತ್ರ ಹೇಳುತ್ತೇನೆ. ಕತ್ತಿನ ಬಿಗಿ ಬದಲಾದರೆ ವೇಗವೂ ಒತ್ತಡವೂ ಸ್ವಲ್ಪ ಬದಲಾಗಬಹುದು. ನಿಮ್ಮ ಲೋಡ್, ಅಂದರೆ ನೀವು ತುಂಬುವ ಮದ್ದಿನ ತೂಕ, ಗರಿಷ್ಠದ ಹತ್ತಿರ ಇದ್ದರೆ ಕೆಳಗೆ ಇಳಿಸಿ ಮತ್ತೆ ಮೆಲ್ಲಗೆ ಏರಿಸಿಕೊಂಡು ಬನ್ನಿ.

ಹದ ಮಾಡಿದ ಮಾತ್ರಕ್ಕೆ ಕೇಸಿಗೆ ಸಾವೇ ಇಲ್ಲ ಎಂದು ತಿಳಿಯಬೇಡಿ. ಉಳಿಯುವುದು ಕತ್ತು. ಪ್ರೈಮರ್ ಗುಂಡಿ ಸಡಿಲವಾಗುವುದನ್ನು ಇದು ತಡೆಯುವುದಿಲ್ಲ. ಬುಡದ ಹತ್ತಿರ ಗೋಡೆ ತೆಳುವಾಗುವುದನ್ನೂ ತಡೆಯುವುದಿಲ್ಲ. ಒಂದು ಪೇಪರ್ ಕ್ಲಿಪ್ ಬಿಡಿಸಿ, ತುದಿಯನ್ನು ಸಣ್ಣಗೆ ಬಗ್ಗಿಸಿ, ಕೇಸಿನೊಳಗೆ ಬಿಟ್ಟು ಬುಡದಿಂದ ಮೇಲಕ್ಕೆ ಗೋಡೆಗೆ ಒತ್ತಿ ಎಳೆಯಿರಿ. ಬುಡದ ಸ್ವಲ್ಪ ಮೇಲೆ ತುದಿ ಒಂದು ಹಳ್ಳಕ್ಕೆ ಸಿಕ್ಕಿದ ಹಾಗಾದರೆ ಆ ಕೇಸಿನ ಆಯುಸ್ಸು ಮುಗಿಯಿತು.

ಎಷ್ಟು ಸಲಕ್ಕೊಮ್ಮೆ ಹದ ಮಾಡಬೇಕು ಎಂದು ಆ ಹುಡುಗ ಕೇಳಿದ. ಕೆಲವರು ಮೂರ್ನಾಲ್ಕು ಸಲಕ್ಕೊಮ್ಮೆ ಮಾಡುತ್ತಾರೆ. ಕೇಸ್ ಒಡೆಯದಿದ್ದರೆ ಸಾಕು ಅನ್ನುವವರಿಗೆ ಅದು ನಡೆಯುತ್ತದೆ. ನಾನು ಪ್ರತಿ ಸಲವೂ ಮಾಡುತ್ತೇನೆ. ಒಂದು ಸಲ ಮೆದು, ಮೂರು ಸಲ ಗಟ್ಟಿಯಾಗುತ್ತಾ ಹೋಗುವುದು, ಮತ್ತೆ ಮೆದು ಎಂದಾದರೆ ಪ್ರತಿ ಸಲವೂ ಬೇರೆ ಬೇರೆ ತೋಟಾ ಹಾರಿಸಿದ ಹಾಗೆ.

ಪುಸ್ತಕದಲ್ಲಿ ನಾನು ಬರೆದಿಡುವುದು ಇಷ್ಟು: ತಾರೀಖು, ಲಾಟ್, ಎಷ್ಟನೇ ಸಲ, ಗ್ಯಾರೇಜಿನ ಶಾಖ, ಹಿಡಿದ ಹೊತ್ತು, ಜಜ್ಜಿ ಹಾಕಿದ ಕೇಸ್ ಎಷ್ಟು. ಸದ್ಯ ಓಡುತ್ತಿರುವ ಡಬ್ಬಿಯ ಮೇಲೆ "ಲಾಟ್ 3, 11ನೇ ಸಲ" ಎಂದು ಬರೆದಿದೆ. ನೂರರಲ್ಲಿ ತೊಂಬತ್ತಾರು ಇನ್ನೂ ಇವೆ. ಹೋದ ನಾಲ್ಕರಲ್ಲಿ ಮೂರಕ್ಕೆ ಪ್ರೈಮರ್ ಗುಂಡಿ ಸಡಿಲವಾಗಿತ್ತು, ಒಂದು ರೇಂಜಿನ ಮರಳಿನಲ್ಲಿ ಕಳೆದುಹೋಯಿತು. ಕತ್ತು ಒಡೆದದ್ದು ಒಂದೂ ಇಲ್ಲ. ಶನಿವಾರ ಸಂಜೆ ಆ ಹುಡುಗ ತನ್ನ ಮಷಿನ್ ತಗೊಂಡು ಇಲ್ಲಿಗೆ ಬರುತ್ತಾನೆ. ದೀಪ ಆರಿಸಿ, ಅವನ ಕೈಯಿಂದಲೇ ಗುಬ್ಬಿ ತಿರುಗಿಸಿ ಮೊದಲ ಹತ್ತು ಕೇಸ್ ಓಡಿಸುತ್ತೇವೆ.